ಗಂಗಕ್ಕನ ಹೊಲದ ಕೆಳಗೆ ಹೋದ ಲೋಡು

ನೀರಿನ ಕೊಳವೆಯನ್ನು ನೆಲದಲ್ಲಿ ಹೂಳುವುದು ದೊಡ್ಡ ಮಾತಲ್ಲ. ಮಣ್ಣು ಮುಚ್ಚಿ, ಉದ್ಘಾಟನೆಯ ಹಾರ ಒಣಗಿದ ಮೇಲೆ ಅದರ ಒಳಗೆ ಏನು ನಡೆದಿದೆ ಎಂದು ಕೇಳುವವರು ಮಾತ್ರ ಕಡಿಮೆ. ನನ್ನ ನೌಕರಿಯ ಬಹುಪಾಲು ಆ ಒಂದು ಚಿಂತೆಯಲ್ಲೇ ಕಳೆಯಿತು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬ ವಿವರ ಪಿಂಚಣಿ ಕಾಗದಗಳಲ್ಲಿದೆ, ಅದನ್ನು ನನ್ನ ಹೆಂಡತಿ ಕೂಡ ಪೂರ್ತಿ ಓದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವ ನಿಮಗೆ ಅದರಿಂದ ಆಗಬೇಕಾದ್ದೂ ಏನಿಲ್ಲ. ನಿಮಗೆ ಹೇಳಬೇಕಾದದ್ದು ಬೇರೆ ಇದೆ.

ಜಲಾಶಯದ, ಇನ್ನೂ ಶುದ್ಧಮಾಡದ ಹಸಿ ನೀರು ಎರಕದ ಕಬ್ಬಿಣದ ಕೊಳವೆಯಲ್ಲಿ ವರ್ಷಗಟ್ಟಲೆ ಹರಿದರೆ ತಳಕ್ಕೆ ರಾಡಿ ಕೂಡುತ್ತದೆ, ಗೋಡೆಗೆ ಲೋಳೆ ಹಿಡಿಯುತ್ತದೆ, ತುಕ್ಕು ಗಂಟುಗಂಟಾಗಿ ಬೆಳೆಯುತ್ತದೆ. ಹೊರಗಿನಿಂದ ನೋಡಿದರೆ ಕೊಳವೆ ದಪ್ಪಕ್ಕೇ ಇರುತ್ತದೆ, ಒಳದಾರಿ ಮಾತ್ರ ಸಣ್ಣದಾಗುತ್ತ ಹೋಗುತ್ತದೆ. ಇದನ್ನು ತೊಳೆಯಲು ಒಂದು ಉಪಾಯವಿದೆ. ಕೊಳವೆಯ ಒಳಗಾತ್ರಕ್ಕಿಂತ ತುಸು ದಪ್ಪಗಿರುವ ಫೋಮಿನ ಉರುಳೆಯೊಂದನ್ನು ಪಂಪಿನ ಕಡೆ ತುರುಕಿ, ಹಿಂದಿನಿಂದ ನೀರು ಬಿಡಬೇಕು. ಅದು ಮೈ ಉಜ್ಜಿಕೊಳ್ಳುತ್ತ, ಹೊಲಸನ್ನೆಲ್ಲ ಮುಂದೆ ದೂಡಿಕೊಂಡು ಇನ್ನೊಂದು ತುದಿಗೆ ಬಂದು ಬೀಳುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಆ ಉರುಳೆಗೆ ಪಿಗ್ ಎಂದು ಹೆಸರು, ಈ ಕೆಲಸಕ್ಕೆ ಪಿಗ್ಗಿಂಗ್ ಎನ್ನುತ್ತಾರೆ. ನಮ್ಮ ಸವದತ್ತಿ ಕಚೇರಿಯ ಫಿಟ್ಟರ್‌ಗಳು ಮೊದಲ ಸಲ ಅದನ್ನು ಕಂಡಾಗ, ಗಾದಿಯ ಮೇಲೆ ಕುಳಿತವರು ಬೆನ್ನಿಗೆ ಇಟ್ಟುಕೊಳ್ಳುವ ಲೋಡಿನ ಹಾಗಿದೆ ಎಂದು ಲೋಡು ಎಂದರು. ಆ ಹೆಸರೇ ನಿಂತಿತು.

ಮೊದಲ ಲೋಡು ಹೋದದ್ದು ಕಿತ್ತೂರಿನ ಹತ್ತಿರ, ತೊಂಬತ್ತರ ದಶಕದ ಮೊದಲಲ್ಲಿ. ಹೋದದ್ದು ಅನ್ನುವುದಕ್ಕಿಂತ ಕಳೆದುಹೋದದ್ದು ಅನ್ನಬೇಕು. ಅದು ನಮಗಿಂತ ಹಿಂದಿನವರು ಹಾಕಿದ ಹಳೆಯ ಲೈನು. ಎಲ್ಲಿ ಬೇಕಾದಲ್ಲಿ ಮೊಣಕೈ ಮಡಚಿದಂಥ ತಿರುವುಗಳು, ನಡುವೆ ಎಲ್ಲೋ ಒಂದು ಬಟರ್‌ಫ್ಲೈ ವಾಲ್ವ್. ಆ ವಾಲ್ವ್ ಎಷ್ಟೇ ತೆರೆದರೂ ಅದರ ಬಿಲ್ಲೆ ಕೊಳವೆಯ ನಟ್ಟನಡುವೆ ನಿಂತೇ ಇರುತ್ತದೆ. ಲೋಡು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ರಸ್ತೆಯನ್ನು ಅಲ್ಲಲ್ಲಿ ಅಗೆದು, ಕೊಳವೆ ಕೊಯ್ದು ಹುಡುಕಿದೆವು. ನೀರಿಲ್ಲದ ಕೊಡ ಹಿಡಿದು ನಿಂತ ಮುದುಕಿಯೊಬ್ಬಳು ಕೇಳಿದಳು.

“ಏನ್ ಕಳಕೊಂಡೀರೋ ಯಪ್ಪಾ?”

“ಲೋಡು, ಯವ್ವಾ” ಎಂದ ಫಿಟ್ಟರ್ ಹುಸೇನಸಾಬ, ಕುಣಿಯೊಳಗಿಂದಲೇ.

“ಲೋಡು ಕೊಳವಿಯಾಗ ಹೆಂಗ ಹೋತೋ?”

“ನಾವ ಹಾಕೇವಿ.”

ಮುದುಕಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, “ಪಗಾರ ಕೊಡತಾರೇನ ನಿಮಗ ಇದಕ್ಕ?” ಎಂದು ಕೇಳಿ ಹೊರಟುಹೋದಳು. ಕೊನೆಗೆ ಲೋಡು ಆ ಬಿಲ್ಲೆಗೆ ಅಪ್ಪಿಕೊಂಡು ಕುಳಿತಿದ್ದು ಸಿಕ್ಕಿತು. ನಮ್ಮ ಮೇಲಧಿಕಾರಿ ದೇಶಪಾಂಡೆ ಸಾಹೇಬರು ಅದನ್ನು ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದರು. ಅವರಿಗೆ ಸಿಟ್ಟು ಬಂದಿತ್ತು. ಆದರೆ ಅದು ನಮ್ಮ ಮೇಲಲ್ಲ, ಆ ಲೈನಿನ ನಕ್ಷೆ ಬರೆದವರ ಮೇಲೆ.

ಸಾಹೇಬರ ಬಗ್ಗೆ ಎರಡು ಮಾತು. ಎತ್ತರದ ಆಳು, ಸಣ್ಣ ದನಿ, ಊಟಕ್ಕಿಂತ ಚಹಾ ಹೆಚ್ಚು. ಬೈದರೂ ಬಹುವಚನದಲ್ಲೇ ಬೈಯುವವರು. ಖುಷಿಯಾದಾಗ ಮಾತ್ರ ಏಕವಚನಕ್ಕೆ ಇಳಿಯುತ್ತಿದ್ದರು. ಅವರು “ಬಸವರಾಜ, ಇಲ್ಲಿ ಬಾ” ಎಂದ ದಿನ ನನಗೆ ಹಬ್ಬ.

ಕಿತ್ತೂರಿನ ಪ್ರಕರಣವಾದ ಸ್ವಲ್ಪ ಕಾಲಕ್ಕೆ ನವಿಲುತೀರ್ಥದಿಂದ ಸಿರಸಂಗಿ ಕಡೆಯ ಕೆಲವು ಹಳ್ಳಿಗಳಿಗೆ ನೀರು ಒಯ್ಯುವ ಲೈನಿನ ಕೆಲಸ ನಮಗೆ ಬಂತು. ಜಲಾಶಯದ ಬುಡದಲ್ಲಿ ಪಂಪ್‌ಹೌಸು, ರಾಮದುರ್ಗದ ದಾರಿಯ ಒಂದು ದಿಬ್ಬದ ಮೇಲೆ ನೀರಿನ ಟಾಕಿ, ಶುದ್ಧೀಕರಣವೂ ಅಲ್ಲೇ. ನಾನು ಹುರುಪಿನಿಂದ ನಕ್ಷೆ ಬರೆದು ಮೇಜಿನ ಮೇಲೆ ಹಾಸಿದೆ. ಸಾಹೇಬರು ಅದನ್ನು ನೋಡಿ ಕೇಳಿದ ಪ್ರಶ್ನೆ ಇಷ್ಟೇ.

“ಇದನ್ನ ತೊಳಿಯೋದು ಹೆಂಗ್ರೀ?”

ನಾನು ನಕ್ಷೆಯ ಮೇಲೆ ಬಗ್ಗಿ ಹುಡುಕತೊಡಗಿದೆ.

“ಪ್ಯಾಟ್ಯಾಗ ಕೊಡ ತಗೊಳ್ಳೋ ಹೆಣ್ಮಗಳು ಮೊದಲ ಏನ್ ನೋಡ್ತಾಳ ಹೇಳ್ರಿ. ಬಾಯಿಯೊಳಗ ಕೈ ಹೋಗ್ತದೋ ಇಲ್ಲೋ ನೋಡ್ತಾಳ. ನೀರು ತುಂಬೋದು ಯಾವ ಕೊಡದಾಗೂ ತುಂಬ್ತದ. ತೊಳಿಲಿಕ್ಕೆ ಬರಬೇಕಲ್ಲ?”

ನಾನು ಆ ನಕ್ಷೆಯನ್ನು ಸುರುಳಿ ಸುತ್ತಿ, ಹೊಸ ಹಾಳೆ ತೆಗೆದುಕೊಂಡೆ. ನೀವು ಇವತ್ತು ಕಂಪ್ಯೂಟರಿನಲ್ಲಿ ಎಳೆಯುವುದನ್ನು ನಾವು ಪೆನ್ಸಿಲಿನಲ್ಲಿ ಎಳೆಯುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಪಂಪ್‌ಹೌಸಿನ ಹೊರಗೆ ಬೋಲ್ಟು ಬಿಚ್ಚಿ ಎತ್ತಿಡಬಹುದಾದ ಕೊಳವೆಯ ತುಂಡೊಂದನ್ನು ಇಟ್ಟೆವು, ಅದು ಲೋಡು ಹಾಕುವ ಬಾಗಿಲು. ದಿಬ್ಬದ ಟಾಕಿಯ ಮುಂದೆ ಇನ್ನೊಂದು, ಅದು ಹೊರಬೀಳುವ ಬಾಗಿಲು. ತಿರುವುಗಳೆಲ್ಲ ಎತ್ತಿನ ಗಾಡಿ ತಿರುಗುವ ಹಾಗೆ ನಿಧಾನವಾಗಿ ಅಗಲಕ್ಕೆ ತಿರುಗಬೇಕು. ಮೊದಲಿಂದ ಕೊನೆಯ ತನಕ ಒಂದೇ ಗಾತ್ರ. ಬಿಲ್ಲೆಯ ವಾಲ್ವ್ ಬೇಡವೇ ಬೇಡ, ಬಾಗಿಲು ಪೂರ್ತಿ ಮೇಲೆದ್ದು ದಾರಿ ಬಿಡುವ ಸ್ಲೂಯಿಸ್ ವಾಲ್ವೇ ಬೇಕು. ಕವಲು ಇರುವಲ್ಲೆಲ್ಲ ಬಾಯಿಗೆ ಕಂಬಿ, ಲೋಡು ದಾರಿ ತಪ್ಪಿ ಅಡ್ಡಕ್ಕೆ ಹೋಗಬಾರದೆಂದು. ತಗ್ಗಿನ ಹಳ್ಳಗಳಲ್ಲಿ ಕೊಳವೆ ಖಾಲಿ ಮಾಡುವ ವಾಲ್ವ್.

ಈ ಯಾವುದೂ ಅವತ್ತು ಯಾರಿಗೂ ಬೇಕಿರಲಿಲ್ಲ. ಹೊಸ ಕೊಳವೆಗೆ ಹೊಲಸು ಹಿಡಿಯಲು ಎಷ್ಟೋ ವರ್ಷ ಬೇಕು. ಖರ್ಚಿನ ಅಂದಾಜು ಪರಿಶೀಲಿಸುವ ಹಿರಿಯ ಅಧಿಕಾರಿಯೊಬ್ಬರು ಕೆಂಪು ಪೆನ್ಸಿಲು ಹಿಡಿದು, “ಮುಂದ ತೊಳಿಲಿಕ್ಕೆ ಅಂತೀರಿ. ಮುಂದ ಅಂದ್ರ ಯಾವಾಗ? ನೀವು ಇರತೀರೋ, ನಾ ಇರತೇನೋ?” ಎಂದು ನಕ್ಕರು.

“ಕೊಳವಿ ಇರ್ತದಲ್ರೀ” ಎಂದರು ನಮ್ಮ ಸಾಹೇಬರು.

ಕಚೇರಿಗೆ ಬರಬೇಕಿದ್ದ ಹೊಸ ಜೀಪು ಶೆಡ್ಡನ್ನು ತಾವಾಗಿಯೇ ಕೈಬಿಟ್ಟು ಈ ಬಾಗಿಲುಗಳನ್ನು ಉಳಿಸಿಕೊಂಡರು. ಮುಂದೆ ಎಷ್ಟೋ ಮಳೆಗಾಲ ನಮ್ಮ ಜೀಪು ಬಯಲಲ್ಲೇ ನೆನೆಯಿತು. ಡ್ರೈವರ್ ಪ್ರತಿ ಸಲ ನನ್ನನ್ನು ಗುರುಗುಟ್ಟಿ ನೋಡುತ್ತಿದ್ದ.

ಲೈನು ಹಾಕುವಾಗ ಎಲ್ಲ ಹೊಲಗಳೂ ದಾರಿ ಕೊಟ್ಟವು, ಒಂದನ್ನು ಬಿಟ್ಟು. ಸಿರಸಂಗಿಯ ಈಚೆ ಕಪ್ಪು ಮಣ್ಣಿನ ಒಂದು ಎರೆಹೊಲ, ಒಂದು ಅಂಚಿಗೆ ಕಾಲುವೆಯ ಏರಿ. ಏರಿಗೆ ಆತುಕೊಂಡೇ ಕೊಳವೆ ಹೋಗಬೇಕು, ಬೇರೆ ದಾರಿಯಿಲ್ಲ. ಹೊಲದ ಒಡೆಯ ಈರಪ್ಪಣ್ಣ, ಅವನ ಹೆಂಡತಿ ಗಂಗಕ್ಕ. ಒಪ್ಪಿಸಲು ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕಂಬಳಿ ಹಾಸಿ, “ಏ, ಸಾಹೇಬ್ರಿಗೆ ಲೋಡು ತಾ” ಎಂದು ಈರಪ್ಪಣ್ಣ ಒಳಗೆ ಕೂಗಿದ. ಆ ಮನೆಯಲ್ಲಿ ಇದ್ದದ್ದು ಒಂದೇ ಲೋಡು. ಅದನ್ನು ನನ್ನ ಬೆನ್ನಿಗೆ ಕೊಟ್ಟು ತಾನು ಬರಿ ಬೆನ್ನಿನಲ್ಲೇ, ಒಂದು ಕಡೆ ವಾಲಿಕೊಂಡು ಕುಳಿತ. ಅವನಿಗೆ ಸೊಂಟದ ನೋವಿತ್ತು, ಕುಳಿತಲ್ಲೇ ಆಗಾಗ ಮುಖ ಕಿವುಚುತ್ತಿದ್ದ. ಲೋಡು ನೀವೇ ಇಟ್ಟುಕೊಳ್ಳಿ ಎಂದರೆ, “ಏ ತಗೀರಿ, ಮನಿಗೆ ಬಂದಾವ್ರು ನೀವು” ಎಂದ.

“ಅಗ್ಯಾಕ ಬ್ಯಾಡ ಅನ್ನಂಗಿಲ್ಲ ನಾ” ಎಂದು ಮಾತು ತೆಗೆದ. “ನಾಕು ಊರಿಗೆ ನೀರು ಹೋಕ್ಕಾವು. ಆದ್ರ ಎರಿ ಭೂಮಿ ಮ್ಯಾಲ ಕೆಳಗ ಆತಂದ್ರ ಸುಧಾರಿಸ್ಯಾಕ ವರ್ಷಗಟ್ಲೆ ಬೇಕು. ಇವತ್ತ ಅಗೀತೀರಿ, ನಾಳಿ ಕೆಟ್ಟೈತಿ ಅಂತ ಮತ್ತ ಬರತೀರಿ, ನಾಡದ ಮತ್ತ. ಒಮ್ಮೆ ಅಗದ್ರ ಮುಗೀತೇನು, ಅದನ್ನ ಹೇಳ್ರಿ.”

“ಮುಗೀತು ಈರಪ್ಪಣ್ಣಾ. ಒಳಗ ಹೊಲಸ ಕಟ್ಟಿದ್ರೂ ಅಗೀಲಾರದ ತೊಳಿಯೂ ಹಂಗ ಮಾಡೇವಿ. ಇಲ್ಲಿ ಇನ್ನ ಯಾರೂ ಗುದ್ದಲಿ ಹಾಕಂಗಿಲ್ಲ.”

“ಹಂಗಾದ್ರ ಮಾತಾತು” ಎಂದ.

ಕೆಲಸ ನಡೆದಷ್ಟೂ ದಿನ ಗಂಗಕ್ಕ ನಮ್ಮ ಕೆಲಸದವರಿಗೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ ತಂದು ಬಡಿಸಿದಳು. ಮಣ್ಣು ಮುಚ್ಚಿದ ಮೇಲೆ ಗುರುತಿನ ಕಲ್ಲು ನೆಟ್ಟು, ಕಲ್ಲಿನ ಆಚೀಚೆ ಗಿಡ ಹಚ್ಚಬೇಡಿ, ಆಳ ಉಳಬೇಡಿ ಎಂದು ಹೇಳಿ ಬಂದೆ.

ಆಮೇಲೆ ನನಗೆ ಬೇರೆ ಊರುಗಳಾದವು. ಮತ್ತೆ ಸವದತ್ತಿಗೆ ಬರುವ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿತ್ತು. ದೇಶಪಾಂಡೆ ಸಾಹೇಬರು ನಿವೃತ್ತರಾಗಿ ಬೈಲಹೊಂಗಲದಲ್ಲಿದ್ದರು. ಲೈನಿನ ತುದಿಯ ಹಳ್ಳಿಗಳಲ್ಲಿ ನೀರು ಸೊರಗಿತ್ತು. ಪಂಪು ಅದೇ, ಜಲಾಶಯ ಅದೇ, ದಿಬ್ಬದ ಟಾಕಿ ಮಾತ್ರ ಅರ್ಧವೂ ತುಂಬುತ್ತಿರಲಿಲ್ಲ. ಹೊಸದಾಗಿ ಬಂದಿದ್ದ ಮೇಲಧಿಕಾರಿ ಚುರುಕಿನ ಮನುಷ್ಯ, ಕೆಟ್ಟವರೇನಲ್ಲ. ಹಳೆಯ ಲೈನಿನ ಪಕ್ಕದಲ್ಲೇ ಹೊಸ ಲೈನು ಹಾಕಿಬಿಡೋಣ ಎಂದು ತೀರ್ಮಾನಿಸಿದ್ದರು. ದಾರಿ ನೋಡಲು ಇಬ್ಬರೂ ಜೀಪಿನಲ್ಲಿ ಹೊರಟೆವು.

ಈರಪ್ಪಣ್ಣನ ಹೊಲಕ್ಕೆ ಬಂದಾಗ ನಾನು ನಿಂತಲ್ಲೇ ನಿಂತೆ. ನಮ್ಮ ಗುರುತಿನ ಕಲ್ಲಿನ ಪಕ್ಕದಲ್ಲಿ, ಕೊಳವೆಯಿಂದ ತುಸು ಸರಿದು, ಸಮಾಧಿಯ ಮೇಲೆ ಕಟ್ಟಿದ ಕಲ್ಲು ಗಾರೆಯ ಪುಟ್ಟ ಗದ್ದುಗೆ. ಮೇಲೆ ಲಿಂಗ, ವಿಭೂತಿ, ಬಾಡಿದ ಪತ್ರಿ. ಹೊಲದಲ್ಲಿ ಕಸ ತೆಗೆಯುತ್ತಿದ್ದ ಗಂಗಕ್ಕ ನನ್ನ ಗುರುತು ಹಿಡಿದು ಬಂದಳು.

“ಯಾವಾಗ ಯಕ್ಕಾ?” ಎಂದೆ.

“ಹೋದ ವರ್ಷದ ಸೀಗಿ ಹುಣ್ಣಿವಿ ಮುಂದ.”

“ಇಲ್ಲೇ ಯಾಕ ಮಾಡಿದ್ರಿ?”

“ನೀವ ಅಂದಿದ್ರಲ್ರಿ, ಇಲ್ಲಿ ಇನ್ನ ಯಾರೂ ಗುದ್ದಲಿ ಹಾಕಂಗಿಲ್ಲ ಅಂತ. ಉಳದ ಹೊಲದಾಗ ಇವತ್ತ ಬೆಳಿ, ನಾಳಿ ಬಾಂವಿ, ಯಾರರೆ ಏನರೆ ಅಗದಾರು. ಅದಕ್ಕ ಅವರನ್ನ ಇಲ್ಲೇ ಕುಂದರಿಸೇವಿ.”

ನಮ್ಮ ಕಡೆ ಲಿಂಗವಂತರು ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಲಿಂಗಪೂಜೆಗೆ ಕುಳಿತ ಹಾಗೆ ಮಣ್ಣಿನಲ್ಲಿ ಕೂಡಿಸುತ್ತಾರೆ. ನನ್ನ ಒಂದು ಮಾತನ್ನು ನಂಬಿ ಆಕೆ ಗಂಡನನ್ನು ಅಲ್ಲಿ ಕೂಡಿಸಿದ್ದಳು. ಹೊಸ ಸಾಹೇಬರು ಕಾಲುವೆಯ ಏರಿ ನೋಡಿದರು, ಗದ್ದುಗೆ ನೋಡಿದರು. ಹೊಸ ಕೊಳವೆಗೆ ತೋಡು ಅಗೆದರೆ ಅದು ಸರಿಯಾಗಿ ಗದ್ದುಗೆಯ ಮೇಲೇ ಹಾಯಬೇಕು. ಅವರು ಮೆತ್ತಗೆ, “ಶಾಸ್ತ್ರ ಪ್ರಕಾರ ಬೇರೆ ಕಡೆ ಸ್ಥಳಾಂತರ ಮಾಡಿಸೋಣ” ಎಂದರು. ಗಂಗಕ್ಕ ಕೈಯಲ್ಲಿದ್ದ ಕಸ ಕೆಳಗೆ ಹಾಕಿದಳು. ನನ್ನ ಮುಖ ನೋಡಿದಳು, ಅಷ್ಟೇ.

ಜೀಪಿನಲ್ಲಿ ನಾನು ಬಾಯಿಬಿಟ್ಟೆ. ಈ ಲೈನು ಅಗೆಯದೆ ತೊಳೆಯಲು ಬರುತ್ತದೆ, ಎರಡೂ ತುದಿಗೆ ಬಾಗಿಲುಗಳಿವೆ, ಬರೆದವನು ನಾನೇ ಎಂದೆ. ಸಾಹೇಬರಿಗೆ ಅರೆಮನಸ್ಸು.

“ಆಯ್ತು, ಒಂದು ಸಲ ನೋಡೋಣ. ಆದರೆ ನಡುವೆ ಸಿಕ್ಕಿಕೊಂಡರೆ ಊರುಗಳನ್ನ ಒಣಗಿಸಿ ಕೂಡಲಾರೆ. ಸಿಕ್ಕಿದಲ್ಲೇ ಅಗೆಸಿ ತೆಗೆಸ್ತೀನಿ.”

ಬೈಲಹೊಂಗಲಕ್ಕೆ ಹೋಗಿ ದೇಶಪಾಂಡೆ ಸಾಹೇಬರಿಗೆ ಎಲ್ಲ ಹೇಳಿದೆ. ಕೋಲು ಹಿಡಿದು ಓಡಾಡುತ್ತಿದ್ದರು, ಕಿವಿ ಮಂದವಾಗಿತ್ತು. ಪೂರ್ತಿ ಕೇಳಿ, “ಬಸವರಾಜ, ನಾನೂ ಬರತೇನಿ, ಕರಕೊಂಡು ಹೋಗು” ಎಂದರು. ಏಕವಚನ ಕೇಳಿ ನನ್ನ ಕಣ್ಣು ತುಂಬಿತು.

ಲೋಡು ತಯಾರಾದದ್ದು ಸವದತ್ತಿಯ ಒಂದು ಗಾದಿ ಅಂಗಡಿಯಲ್ಲಿ. ಹೊರಗಿನಿಂದ ತರಿಸುವಷ್ಟು ಪುರುಸೊತ್ತು ಇರಲಿಲ್ಲ. ಅಂಗಡಿಯ ಮಕ್ತುಮಸಾಬ ಅಳತೆ ಕೇಳಿ ನಕ್ಕ. “ಮಲಗಾವ್ರಿಗೆ ಗಾದಿ ಮಾಡೇನಿ ಸಾಹೇಬ್ರ, ಕುಂದರಾವ್ರಿಗೆ ಲೋಡು ಮಾಡೇನಿ. ಓಡೂ ಲೋಡು ಮಾತ್ರ ಇದ ಮೊದಲ.” ಒಂದು ಮೆತ್ತನೆಯದು, ಒಂದು ಗಟ್ಟಿಯದು, ಹೀಗೆ ಎರಡು ಲೋಡು, ಫೋಮು ಸುತ್ತಿ, ಅಂಟಿಸಿ, ಗಟ್ಟಿ ಕ್ಯಾನ್ವಾಸು ಹೊಲಿದು ಕೊಟ್ಟ. ಹುಸೇನಸಾಬ ಪಂಪ್‌ಹೌಸಿನ ಬಾಗಿಲಿನ ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಬೈದು, ಓಲೈಸಿ ಬಿಚ್ಚಿದ. ಮೆತ್ತನೆಯ ಲೋಡನ್ನು ಮೊದಲು ಬಿಟ್ಟೆವು. ಅದು ಚಿಂದಿಯಾಗಿ ಆ ತುದಿಗೆ ಬಂದು ಬಿತ್ತು. ಹೊಲಸು ಹೆಚ್ಚು ಬರಲಿಲ್ಲ, ಆದರೆ ದಾರಿ ಇದೆ ಎಂದು ಖಾತ್ರಿಯಾಯಿತು.

ಗಟ್ಟಿ ಲೋಡನ್ನು ಬಿಡುವ ಬೆಳಿಗ್ಗೆ ಪಂಪ್‌ಹೌಸಿನ ಕೆಲಸದವರ ಮನೆಯ ಹೆಣ್ಣುಮಕ್ಕಳು ಅದಕ್ಕೆ ಎಲ್ಲಮ್ಮನ ಭಂಡಾರ, ಅಂದರೆ ಗುಡಿಯ ಅರಿಸಿನ, ಹಚ್ಚಿದರು. “ಉಧೋ” ಎಂದು ಕೂಗಿ ಅದನ್ನು ಒಳಗೆ ತಳ್ಳಿ, ಬೋಲ್ಟು ಬಿಗಿದು, ಪಂಪು ಚಾಲೂ ಮಾಡಿ, ಹುಸೇನಸಾಬನೂ ನಾನೂ ದೇಶಪಾಂಡೆ ಸಾಹೇಬರನ್ನು ಜೀಪಿನಲ್ಲಿ ಕರೆದುಕೊಂಡು ಗಂಗಕ್ಕನ ಹೊಲಕ್ಕೆ ಬಂದೆವು. ಲೈನಿನುದ್ದಕ್ಕೂ ಕೊಳವೆಯ ಗಾಳಿ ಬಿಡುವ, ನೀರು ಖಾಲಿ ಮಾಡುವ ವಾಲ್ವುಗಳ ಗುಂಡಿಗಳ ಹತ್ತಿರ ಒಬ್ಬೊಬ್ಬ ಕುಳಿತಿದ್ದ. ಲೋಡು ಹಾಯುವಾಗ ಕಬ್ಬಿಣಕ್ಕೆ ಕಿವಿ ಹಚ್ಚಿದರೆ ಗೋಣಿ ಎಳೆದ ಹಾಗೆ ಸಪ್ಪಳ ಬರುತ್ತದೆ. ಒಬ್ಬರಾದ ಮೇಲೆ ಒಬ್ಬರು ಮೊಬೈಲಿನಲ್ಲಿ “ಹೋತ್ರಿ” ಎಂದು ತಿಳಿಸುತ್ತಿದ್ದರು. ಗಂಗಕ್ಕನ ಹೊಲದ ಈಚಿನ ಹಳ್ಳದ ಗುಂಡಿಯಿಂದಲೂ “ಹೋತ್ರಿ” ಬಂತು. ಹೊಲದ ಆಚಿನ ಗುಂಡಿಯಿಂದ ಏನೂ ಬರಲಿಲ್ಲ.

ಪಂಪಿನ ಒತ್ತಡದ ಮುಳ್ಳು ಏರತೊಡಗಿತು ಎಂದು ಸುದ್ದಿ ಬಂತು. ಬಂದ್ ಮಾಡಿಸಿದೆ. ಎಲ್ಲ ಬಿಟ್ಟು ಲೋಡು ಗದ್ದುಗೆ ಇರುವ ಆ ಹೊಲದ ಕೆಳಗೇ ನಿಂತಿತ್ತು. ಹೊಸ ಸಾಹೇಬರ ಹಿಂದೆ ಗುದ್ದಲಿಯವರೂ ಬಂದರು. ಗಂಗಕ್ಕ ಗದ್ದುಗೆಗೆ ಒರಗಿ ಕುಳಿತು ಸೆರಗು ಹೊದ್ದುಕೊಂಡಳು. ಯಾರಿಗೂ ಆಕೆಯ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ಹೊಲದಂಚಿನ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ದೇಶಪಾಂಡೆ ಸಾಹೇಬರು ಕೋಲು ಕುಟ್ಟಿ ನನ್ನನ್ನು ಕರೆದರು.

“ಮುಂದ ಹೋಗವಲ್ದು ಅಂದ್ರ ಹಿಂದ ಕರೀರಿ. ಹಳ್ಳದಾಗ ಖಾಲಿ ಮಾಡೋ ವಾಲ್ವ್ ಯಾಕ ಇಟ್ಟೇವಿ?”

ಗಾಬರಿಯಲ್ಲಿ ನನಗದು ಹೊಳೆದೇ ಇರಲಿಲ್ಲ. ಮುಂದೆ ದೂಡಿದ ಹೊಲಸೇ ಅಡಕಿಕೊಂಡು ಲೋಡಿಗೆ ಅಡ್ಡ ನಿಂತಿತ್ತು. ಹಳ್ಳದ ವಾಲ್ವ್ ತೆರೆದರೆ ಲೋಡಿನ ಹಿಂದಿನ ನೀರು ಇಳಿದುಹೋಗುತ್ತದೆ, ದಿಬ್ಬದ ಕಡೆಯ ನೀರು ತನ್ನ ಭಾರಕ್ಕೇ ಅದನ್ನು ಹಿಂದಕ್ಕೆ ತಳ್ಳುತ್ತದೆ, ಅಡಕಿದ ಹೊಲಸೂ ಸಡಿಲಾಗುತ್ತದೆ. ಕವಲಿನ ಬಾಯಿಗೆ ಕಂಬಿ ಇರುವುದರಿಂದ ಲೋಡು ಅಲ್ಲಿ ಹೊರಗೆ ಬೀಳುವ ಭಯವಿಲ್ಲ. ಓಡಿಹೋಗಿ ಹುಸೇನಸಾಬನೂ ನಾನೂ ವಾಲ್ವಿನ ಚಕ್ರಕ್ಕೆ ಬಿದ್ದೆವು. ರಾಡಿ ನೀರು ಹಳ್ಳಕ್ಕೆ ಧುಮುಕಿತು. ತುಸು ಹೊತ್ತಿಗೆ ಕೊಳವೆಯೊಳಗೆ ಗೋಣಿ ಎಳೆದ ಸಪ್ಪಳ, ಹಿಮ್ಮುಖವಾಗಿ. ವಾಲ್ವ್ ಮುಚ್ಚಿ, ಮತ್ತೆ ಪಂಪು ಹಾಕಿಸಿದೆವು.

ನಾನು ಗದ್ದುಗೆಯ ಬಳಿ ನಿಂತೆ. ಗಂಗಕ್ಕ ಅಂಗೈಯನ್ನು ನೆಲಕ್ಕೆ ಊರಿ ಕುಳಿತಿದ್ದಳು. ಹೊಸ ಸಾಹೇಬರು ಗಡಿಯಾರ ನೋಡುವುದನ್ನು ಬಿಟ್ಟು ನೆಲ ನೋಡುತ್ತಿದ್ದರು. ಆಚಿನ ಗುಂಡಿಯಿಂದ ಆಳು ಎದ್ದು ನಿಂತು ಎರಡೂ ಕೈ ಎತ್ತಿ ಕೂಗಿದ.

“ಹೋತ್ರೀ! ಹೋತು!”

ದೇಶಪಾಂಡೆ ಸಾಹೇಬರಿಗೆ ಕೇಳಿಸಲಿಲ್ಲ. ನಾನು ಹೋಗಿ ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ. ಅವರು ಕೋಲನ್ನು ಕುರ್ಚಿಗೆ ಒರಗಿಸಿ, “ಇನ್ನ ಚಹಾ ತರಸಪಾ” ಎಂದರು. ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ಹೊಸ ಸಾಹೇಬರು ತಾವೇ ಹೋಗಿ ಜೀಪಿನಿಂದ ಥರ್ಮಾಸು ತಂದು ಅವರಿಗೆ ಚಹಾ ಬಗ್ಗಿಸಿ ಕೊಟ್ಟರು.

ದಿಬ್ಬದ ಬಾಗಿಲಿನಲ್ಲಿ ಕಂದು ರಾಡಿ, ತುಕ್ಕಿನ ಗಂಟು, ಲೋಳೆ ಎಲ್ಲ ಕಾರಿಕೊಂಡು ಕೊನೆಗೆ ಲೋಡು ಬಂದು ಬಿತ್ತು. ಕ್ಯಾನ್ವಾಸು ಹರಿದಿತ್ತು, ಭಂಡಾರದ ಗುರುತೂ ಇರಲಿಲ್ಲ. ಮುಂದೆ ಬೇರೆ ಲೋಡು ಮಾಡಿಸಿ ಮತ್ತೊಂದೆರಡು ಸಲ ಹೀಗೆ ತೊಳೆದ ಮೇಲೆ ಟಾಕಿ ತುಂಬತೊಡಗಿತು. ಹೊಸ ಲೈನಿನ ಮಾತನ್ನು ಹೊಸ ಸಾಹೇಬರೇ ಬಿಟ್ಟರು.

ನೀವು ಬರೆಯುವ ಕೊಳವೆಗಳನ್ನು ತೊಳೆಯುವಾಗ ನೀವು ಆ ಊರಲ್ಲಿರುವುದಿಲ್ಲ. ಬಾಗಿಲು ಇಟ್ಟದ್ದಕ್ಕೆ ಯಾರೂ ನಿಮಗೆ ಶಾಲು ಹೊದಿಸುವುದಿಲ್ಲ, ಜೀಪು ನೆನೆದದ್ದಕ್ಕೆ ಬೈಯುತ್ತಾರೆ. ಆದರೂ ಇಡಿ. ಆ ನೆಲದ ಮೇಲೆ ಯಾರು ಏನನ್ನು ನಂಬಿ ಕುಳಿತಿರುತ್ತಾರೋ ನಿಮಗೆ ಗೊತ್ತಿರುವುದಿಲ್ಲ.

ಗಟ್ಟಿ ಲೋಡು ಹೊರಬಿದ್ದ ಆ ಸಂಜೆ ಅದನ್ನು ಜೀಪಿಗೆ ಹಾಕಿಕೊಂಡು ಅದೇ ದಾರಿಯಲ್ಲಿ ಮರಳುವಾಗ ಗಂಗಕ್ಕ ಕೈ ಅಡ್ಡ ಮಾಡಿ ನಿಲ್ಲಿಸಿದಳು.

“ಅದನ್ನೇನ ಮಾಡತೀರಿ?”

“ಒಗೀತೇವಿ ಯಕ್ಕಾ. ಹರದೈತಿ.”

“ಒಗೀಬ್ಯಾಡ್ರಿ. ನನಗ ಕೊಡ್ರಿ.”

ಕಾಲುವೆಯ ನೀರಿನಲ್ಲಿ ಅದನ್ನು ತಿಕ್ಕಿ ತಿಕ್ಕಿ ತೊಳೆದಳು, ತನ್ನ ಒಂದು ಹಳೆಯ ಇಳಕಲ್ಲ ಸೀರೆಯ ತುಂಡನ್ನು ಅದಕ್ಕೆ ಸುತ್ತಿ ಗಂಟು ಹಾಕಿದಳು.

“ಬಂದಾವ್ರಿಗೆಲ್ಲ ಲೋಡು ಕೊಟ್ಟು, ಜೀವ ಇರೂತನಕ ಬರೇ ಬೆನ್ನಲೇ ಕುಂತ್ರು ಸಾಹೇಬ್ರ. ಈಗರೆ ಆತಕೊಂಡು ಕುಂದರ್ಲಿ.”

ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಲೋಡನ್ನು ಎತ್ತಿಕೊಂಡು ಹೋಗಿ ಗದ್ದುಗೆಯ ಹಿಂದೆ, ಈರಪ್ಪಣ್ಣನ ಬೆನ್ನು ಇರಬೇಕಾದ ಕಡೆ ಆನಿಸಿ ಇಟ್ಟೆ. ಗಂಗಕ್ಕ ನಿಂತು ನೋಡಿದಳು. ಸರಿ ಕಾಣಲಿಲ್ಲವೇನೋ, ಬಂದು ಬಗ್ಗಿ ಅದನ್ನು ತುಸು ಎಡಕ್ಕೆ ಸರಿಸಿದಳು.

“ಅವರು ಚೂರು ಈ ಕಡೆ ವಾಲಿ ಕುಂದರತಿದ್ರು” ಎಂದಳು.